ಪಕ್ಕದ ಮನೆಯ ಪಾಲಿನ ಪತ್ರಿಕೆ

ಬೇಡ ಬೇಡ ಎಂದರೂ ಬಂದು ಬೀಳುವುದನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಸಿಗದೆ ಚನ್ನಬಸಪ್ಪ ವರ್ಷಗಳಿಂದ ಒದ್ದಾಡುತ್ತಿದ್ದ. ತೆಲುಗು ಸೀಮೆಯ ಗಾಜುವಾಕದ ಅವನ ಬಾಡಿಗೆ ಮನೆಯ ಕಟ್ಟೆಗೆ ಶುಕ್ರವಾರ ಬಂತೆಂದರೆ ‘ಮನ ವೀಧಿ’ ಎಂಬ ಬಿಟ್ಟಿ ತೆಲುಗು ವಾರಪತ್ರಿಕೆ ದೊಪ್ಪನೆ ಬೀಳುತ್ತಿತ್ತು. ಅದರ ತುಂಬ ಸೀರೆ ಅಂಗಡಿ, ಟ್ಯುಟೋರಿಯಲ್ ಕಾಲೇಜು, ಮೂಲವ್ಯಾಧಿ ವೈದ್ಯರ ಜಾಹೀರಾತು. ಅಂಚೆಯವನು ಬೇರೆ ಕಾಂತಬಳೆ, ಅದೃಷ್ಟದುಂಗುರ, ‘ತಮಗೆ ಟ್ರಾನ್ಸಿಸ್ಟರ್ ಬಹುಮಾನ ಬಂದಿದೆ’ ಎಂಬ ಕಾಗದಗಳನ್ನು ತಂದು ಸುರಿಯುತ್ತಿದ್ದ. ಒಮ್ಮೆ ಪತ್ರಿಕೆಯ ಕಚೇರಿಗೇ ಹೋಗಿ, ದಯವಿಟ್ಟು ನಿಲ್ಲಿಸಿ ಎಂದು ಕೈಮುಗಿದ. “ಫ್ರೀ ಗದಂಡೀ, ಮೀಕೇಂ ನಷ್ಟಂ?” ಎಂದು, ಬಿಟ್ಟಿ ಬಂದರೆ ನಿಮಗೇನು ನಷ್ಟ ಎಂಬಂತೆ ನಕ್ಕು, ಅಲ್ಲಿದ್ದವನು ಆ ವಾರದ ಸಂಚಿಕೆಯನ್ನೇ ಕೈಗಿಟ್ಟು ಕಳಿಸಿದ.

ಒಂದಾದರೆ ಸಹಿಸಬಹುದಿತ್ತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬಂತೆ ಅವನ ಕಟ್ಟೆಗೆ ಎರಡು ಬೀಳುತ್ತಿದ್ದವು. ಪಕ್ಕದ ಕಾಂಟ್ರಾಕ್ಟರ್ ದುರ್ಗಾಪ್ರಸಾದ್ ಮನೆಯಲ್ಲಿ ಕರುವಿನಷ್ಟು ದೊಡ್ಡ ನಾಯಿ. ಅದಕ್ಕೆ ಹೆದರಿ ಪತ್ರಿಕೆಯವನು ಅವರ ಪಾಲನ್ನೂ ಇಲ್ಲೇ ಎಸೆದು ಸೈಕಲ್ ತುಳಿಯುತ್ತಿದ್ದ. ತನ್ನ ಪಾಲನ್ನು ಚನ್ನಬಸಪ್ಪ ಬಿಚ್ಚಿಯೂ ನೋಡದೆ ಬಚ್ಚಲೊಲೆಗೆ ತುರುಕುತ್ತಿದ್ದ. ಪಕ್ಕದ ಮನೆಯದನ್ನು, ಪರರ ಸೊತ್ತು ಎಂದು, ಗೋಡೆಯ ಮೇಲಿಂದ ದಾಟಿಸುತ್ತಿದ್ದ. ನೌಕಾನೆಲೆಯ ಉಗ್ರಾಣದಲ್ಲಿ ಗುಮಾಸ್ತನಾಗಿ ಸವೆದವನಿಗೆ ಅಷ್ಟು ಶಿಸ್ತು ಮೈಗಂಟಿತ್ತು.

ಬರುವ ಮಾರ್ಚಿಗೆ ನಿವೃತ್ತಿ. ಕೊಪ್ಪಳದಲ್ಲಿ ಪುಟ್ಟದೊಂದು ಮನೆ ಕೊಂಡು ಹೆಂಡತಿಯನ್ನು ಊರಿಗೆ ಕರೆದೊಯ್ಯುತ್ತೇನೆಂದು ಅವನು ಮಾತು ಕೊಟ್ಟಿದ್ದ. ಅಕ್ಕಮ್ಮನಿಗೆ ಇಷ್ಟು ವರ್ಷವಾದರೂ ತೆಲುಗು ನಾಲಿಗೆಗೆ ಹತ್ತಲಿಲ್ಲ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಅವಳ ಮಾತೆಲ್ಲ ಗಂಡನ ಬಾಯಿಂದಲೇ ಹೋಗಬೇಕು. “ಇಲ್ಲೆ ನನ್ನ ಕೂಡ ಮಾತಾಡಾಕ ಈ ಗ್ವಾಡಿ ಒಂದ ಐತ್ರಿ,” ಎಂದು ಒಂದು ಸಂಜೆ ಅವಳು ಅಂದದ್ದು ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಕೊಪ್ಪಳದ ಮನೆಗೆ ಮಾತ್ರ ಅವನ ಹತ್ತಿರ ಒಂದು ಬಾಗಿಲು ಕೊಳ್ಳುವಷ್ಟೂ ಇರಲಿಲ್ಲ.

ಡಿಸೆಂಬರಿನಲ್ಲಿ ದುರ್ಗಾಪ್ರಸಾದನ ತಾಯಿ ಕೋಟೇಶ್ವರಮ್ಮ ಬಿದ್ದು ಸೊಂಟ ಮುರಿದುಕೊಂಡರು. ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಆಪರೇಷನ್. ಗನ್ನವರದಲ್ಲಿ ತಂಗಿಯ ಮನೆ ಇದ್ದುದರಿಂದ ಇಡೀ ಸಂಸಾರ, ನಾಯಿ ಸಮೇತ, ಜೀಪು ಹತ್ತಿ ಹೋಯಿತು. ಮುದುಕಿಯ ಬಂಗಾರದ ವಡ್ಡಾಣ ಮನೆಯಲ್ಲೇ ಉಳಿಯಿತು. ಅಕ್ಕಿ ಡಬ್ಬದ ತಳದಲ್ಲಿ ಅದಿರುವುದು ಚನ್ನಬಸಪ್ಪನಿಗೆ ಗೊತ್ತಿತ್ತು. ವರಮಹಾಲಕ್ಷ್ಮಿ ಹಬ್ಬದ ದಿನ ಸೊಸೆ ರಾಜ್ಯಲಕ್ಷ್ಮಿ ಅದನ್ನು ತೆಗೆದು ತೋರಿಸಿದ್ದನ್ನು ಅಕ್ಕಮ್ಮ ಕಣ್ಣರಳಿಸಿ ಹೇಳಿದ್ದಳು.

ಕದಿಯುವುದು ಕಷ್ಟವಾಗಿರಲಿಲ್ಲ. ಕದ್ದವನು ಪಕ್ಕದ ಮನೆಯವನಲ್ಲ ಎನಿಸುವುದೇ ಕಷ್ಟ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆಗ ಅವನ ಕಣ್ಣು ಮೆಟ್ಟಿಲ ಕೆಳಗಿನ ಬುಟ್ಟಿಯ ಮೇಲೆ ಬಿತ್ತು. ನೆರೆಯವರು ಇಲ್ಲದ್ದರಿಂದ ಅವರ ಪಾಲಿನ ಪತ್ರಿಕೆಗಳನ್ನು ಅವನು ಅಲ್ಲಿ ಎತ್ತಿಡುತ್ತಿದ್ದ. ಸುರುಳಿ ಸುತ್ತಿ ದಾರ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಗೇಟಿನ ಮುಂದೆ ಹಳೆಯ ಪತ್ರಿಕೆ ಬಿದ್ದಿದ್ದರೆ ಮನೆಯಲ್ಲಿ ಯಾರೂ ಇಲ್ಲವೆಂದು ಹಾದಿಹೋಕನಿಗೂ ತಿಳಿಯುತ್ತದೆ. ಊರಿನ ಕಳ್ಳರಿಗೆಲ್ಲ ಡಂಗುರ ಸಾರಿದ ಹಾಗೆ! ಆ ಕಸದ ಮೇಲೆ ಅವನಿಗೆ ಮೊದಲ ಸಲ ಪ್ರೀತಿ ಉಕ್ಕಿತು.

ಅವಸರ ಮಾಡಲಿಲ್ಲ. ಎಲ್ಲಕ್ಕಿಂತ ಹಳೆಯ ಸಂಚಿಕೆಯನ್ನು ಮಾಳಿಗೆಯ ಬಿಸಿಲಿನಲ್ಲಿ ಒಣಗಿಸಿ ಹಳದಿ ಮಾಡಿದ. ಅದರ ನಂತರದ್ದಕ್ಕೆ ನೀರು ಚಿಮುಕಿಸಿ ರಸ್ತೆಯ ಧೂಳಿನಲ್ಲಿ ಹೊರಳಿಸಿದ. ಮೂರನೆಯದನ್ನು ಇದ್ದಂತೆಯೇ ಬಿಟ್ಟ. ಶನಿವಾರ ಸಂಜೆ ಮೂರನ್ನೂ ಪಕ್ಕದ ಗೇಟಿನ ಬುಡದಲ್ಲಿ, ಸೈಕಲ್ ಮೇಲಿಂದ ಎಸೆದಾಗ ಬೀಳುವ ಹಾಗೆ, ಚೆಲ್ಲಾಪಿಲ್ಲಿ ಬಿಟ್ಟು ಬಂದ. ನಾಯಿ ಇಲ್ಲದ್ದರಿಂದ ಪತ್ರಿಕೆಯವನೇ ಅಲ್ಲಿ ಎಸೆದನೆಂದು ಯಾರಾದರೂ ನಂಬುತ್ತಿದ್ದರು.

ಭಾನುವಾರ ಬೆಳಗ್ಗೆ ಟಿ.ವಿ.ಯಲ್ಲಿ ಪೌರಾಣಿಕ ಧಾರಾವಾಹಿ ಬರುವ ಹೊತ್ತು. ಬೀದಿಯಲ್ಲಿ ಕಾಗೆಯೂ ಇರುವುದಿಲ್ಲ. ಅಕ್ಕಮ್ಮ ಮೂಲೆಮನೆಗೆ ಹೋಗಿದ್ದಳು. ದೇವರುಗಳ ಮಾತು ತಿಳಿಯದಿದ್ದರೂ ಕಥೆ ತಿಳಿಯುತ್ತಿತ್ತು. ಚನ್ನಬಸಪ್ಪ ಹಿತ್ತಲ ಗೋಡೆ ಹಾರಿ, ಹಾರೆಯಿಂದ ಹಿಂಬಾಗಿಲ ಚಿಲಕ ಮೀಟಿದ. ಬೇಕೆಂದೇ ಬೀರುಗಳನ್ನು ತಡಕಾಡಿ ಬಟ್ಟೆ ಚೆಲ್ಲಿದ. ವಡ್ಡಾಣ ತಂದು ಬಚ್ಚಲೊಲೆಯ ಬೂದಿಯಲ್ಲಿ ಹೂತ. ಅಕ್ಕಮ್ಮ ಮರಳಿದಾಗ ಅವನು ಕಟ್ಟೆಯ ಮೇಲೆ ಕೂತು ಉಗುರು ತೆಗೆಯುತ್ತಿದ್ದ.

ಬುಧವಾರ ದುರ್ಗಾಪ್ರಸಾದ್ ಮರಳಿ ಬಂದ. ಬೀದಿಯೆಲ್ಲ ಕೂಡಿತು. ಎಸ್ಸೈ ಜಗನ್ಮೋಹನ್ ಗೇಟಿನ ಬುಡ ನೋಡಿ ತಲೆಯಾಡಿಸಿದ. “ಹೊರಗಿನವರ ಕೆಲಸ. ಪೇಪರ್ ನೋಡಿಯೇ ನುಗ್ಗಿದ್ದಾರೆ.”

“ಈ ಬಿಟ್ಟಿ ಪೇಪರ್ ಬೇಡ ಅಂತ ನಾನು ಅವರ ಆಫೀಸಿಗೆ ಹೋಗಿ ಬೇಡಿಕೊಂಡಿದ್ದೆ ಸರ್,” ಎಂದ ಚನ್ನಬಸಪ್ಪ. ಅಷ್ಟು ಮಟ್ಟಿಗೆ ಅದು ನಿಜವೇ ಆಗಿತ್ತು. ಆಪರೇಷನ್ ಆದ ತಾಯಿಗೆ ಏನು ಹೇಳಲಿ ಎಂದು ದುರ್ಗಾಪ್ರಸಾದ್ ತಲೆಗೆ ಕೈಹೊತ್ತು ಕೂತಿದ್ದನ್ನು ನೋಡಲಾರದೆ ಚನ್ನಬಸಪ್ಪ ಮುಖ ತಿರುಗಿಸಿದ. ಕೊಪ್ಪಳದ ಮನೆಯನ್ನು ನೆನೆದುಕೊಂಡ.

ಪಂಚನಾಮೆ ಬರೆಯಲು ಎಸ್ಸೈ ಚನ್ನಬಸಪ್ಪನ ಕಟ್ಟೆಗೆ ಬಂದ. ಧೂಳಿತ್ತು, ಹಾಸಿಕೊಂಡು ಕೂರಲೆಂದು ಗೇಟಿನಿಂದ ತಂದ ಮೂರು ಪತ್ರಿಕೆಗಳಲ್ಲಿ ಒಂದರ ದಾರ ಬಿಚ್ಚಿ ಕೊಡವಿದ. ನಡುಪುಟದಲ್ಲಿ ಕಿಟಕಿಯಂತೆ ಚೌಕಾಕಾರದ ತೂತು. ಎರಡನೆಯದನ್ನು ಬಿಚ್ಚಿದ, ಅಲ್ಲಿಯೂ ತೂತು. ಮೂರನೆಯದರಲ್ಲಿಯೂ. ಯಾರೂ ಮುಟ್ಟದೆ ಬಿದ್ದಿದ್ದ ಪತ್ರಿಕೆಯನ್ನು ಕತ್ತರಿಸಿದವರು ಯಾರೆಂದು ಅವನು ಹುಬ್ಬು ಗಂಟಿಕ್ಕಿದ. ಧನುರ್ಮಾಸ ಹಿಡಿದಾಗಿನಿಂದ ಅದರ ಒಳಪುಟದಲ್ಲಿ ವಾರಕ್ಕೊಂದು ರಂಗೋಲಿ ಅಚ್ಚಾಗುತ್ತಿತ್ತು; ಒಮ್ಮೆಯೂ ಬಿಚ್ಚಿ ನೋಡದ ಚನ್ನಬಸಪ್ಪನಿಗೆ ಅದು ಹೇಗೆ ಗೊತ್ತಾಗಬೇಕು? ಕಾಫಿ ತಂದ ಅಕ್ಕಮ್ಮ ಪತ್ರಿಕೆ ನೋಡಿ ನಾಲಿಗೆ ಕಚ್ಚಿಕೊಂಡಳು. “ಸಾಹೇಬ್ರ, ಬೈಬ್ಯಾಡ್ರಿ. ಇವು ನಮ್ಮ ಬುಟ್ಟ್ಯಾಗ ಇದ್ದಾಗ ನಾನ ರಂಗೋಲಿ ಕತ್ತರಿಸ್ಕೊಂಡೇನ್ರಿ. ಇವ್ರು ಸಿಟ್ಟಾಗ್ತಾರಂತ ಮತ್ತ ಹಂಗ ಸುತ್ತಿ ಇಟ್ಟಿದ್ದೆ.” ಎಸ್ಸೈ ಚನ್ನಬಸಪ್ಪನತ್ತ ತಿರುಗಿ, “ಅಮ್ಮಗಾರು ಏಮಂಟುನ್ನಾರು?” ಎಂದು ಅವಳ ಮಾತಿನ ಅರ್ಥ ಕೇಳಿದ. “ಸಕ್ಕರೆ ಸಾಕೇ ಅಂತ ಕೇಳ್ತಿದಾಳೆ ಸರ್,” ಎಂದ ಚನ್ನಬಸಪ್ಪ. ತನ್ನ ಮಾತು ಮುಟ್ಟಲಿಲ್ಲವೆಂದು ಅಕ್ಕಮ್ಮನಿಗೆ ಅನಿಸಿತು. ಬೇಡ ಎಂದು ಗಂಡ ಕಣ್ಣು ಸನ್ನೆ ಮಾಡುವಷ್ಟರಲ್ಲಿ ಒಳಗೆ ಓಡಿ, ಹಾಸಿಗೆಯಡಿಯಿಂದ ಮೂರು ರಂಗೋಲಿ ತುಂಡು ತಂದು, ಒಂದನ್ನು ಪತ್ರಿಕೆಯ ತೂತಿನಲ್ಲಿ ಇಟ್ಟು ತೋರಿಸಿದಳು. ಕೂದಲೆಳೆಯ ಸಂದೂ ಇಲ್ಲದಂತೆ ಅದು ಕೂತಿತು. ಎಸ್ಸೈ ಪಕ್ಕದ ಗೇಟನ್ನೂ ಚನ್ನಬಸಪ್ಪನನ್ನೂ ನೋಡಿ ನಿಧಾನವಾಗಿ ತಲೆದೂಗಿದ. ಅಕ್ಕಮ್ಮನ ಮುಖ ಅರಳಿತು. ಗಂಡನ ನೆರವಿಲ್ಲದೆ ಅವಳು ಹೇಳಿದ್ದು ಆ ಊರಿನಲ್ಲಿ ಒಬ್ಬರಿಗೆ ಅರ್ಥವಾದದ್ದು ಅದೇ ಮೊದಲು.