ತಿಲಾರಿ ಘಾಟಿನ ದನಿ

"ನಮ್ಮಣ್ಣ ಜಾರಿ ಬಿದ್ದನೋ, ಸಾಯಾಕಂತ ಹೋಗಿದ್ದನೋ, ಅಷ್ಟು ಹೇಳ್ರಿ ಅಕ್ಕಾರ. ನಮ್ಮವ್ವಗ ಅದೊಂದು ಗೊತ್ತಾಗಬೇಕಾಗೇತಿ."

ಹೀಗೆ ಕೇಳಿದವಳು ಬನಹಟ್ಟಿಯಿಂದ ಬಂದಿದ್ದ ವೈಶಾಲಿ. ಕಸ್ತೂರಕ್ಕ ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಿದ್ದೆ ಬಂದಿದೆ ಎಂದು ಹೊಸಬರು ತಿಳಿಯುತ್ತಾರೆ. ನನಗೆ ಮಾತ್ರ ಗೊತ್ತು, ಅವರು ಮನಸ್ಸಿಟ್ಟು ಕೇಳುವುದು ಹಾಗೆಯೇ.

ಕಸ್ತೂರಕ್ಕ, ಅಂದರೆ ಕಸ್ತೂರೆವ್ವ, ಜಮಖಂಡಿಯ ದೂರವಾಣಿ ಕೇಂದ್ರದಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು. ಯಾರ ದನಿ, ಯಾವ ಊರಿಂದ, ಹಿಂದೆ ಅಳುತ್ತಿರುವುದು ಮಗುವೋ ಬೆಕ್ಕೋ ಎಂಬುದನ್ನು ತಂತಿಯಲ್ಲೇ ಹೇಳುತ್ತಿದ್ದರಂತೆ. ನಿವೃತ್ತಿಯ ನಂತರ ಊರಿನ ಎಷ್ಟೋ ಗೋಜಲುಗಳು ಅವರ ಬಾಗಿಲಿಗೆ ಬಂದಿವೆ. ಅವರ ಮನೆಯ ಕೆಳಗಿನ ಗ್ಯಾರೇಜು ನನ್ನದು. ನನ್ನ ಹೆಸರು ದಶರಥ. ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವುದೂ, ಬಂದ ಮೇಲೆ ಇದನ್ನೆಲ್ಲ ಬರೆದಿಡುವುದೂ ನನ್ನ ಪಾಲಿನ ಕೆಲಸ.

"ಮೊದಲಿಂದ ಹೇಳವಾ," ಎಂದರು ಅಕ್ಕ.

ವೈಶಾಲಿಯ ಅಣ್ಣ ಯಲ್ಲಾಲಿಂಗ ಆಗಸ್ಟ್ ತಿಂಗಳಲ್ಲಿ ಮೂವರು ಗೆಳೆಯರ ಜತೆ ನಾಲ್ಕು ದಿನದ ಬೈಕ್ ಪ್ರವಾಸಕ್ಕೆ ಹೋಗಿದ್ದ. ಜಮಖಂಡಿಯ ಶಿಕ್ಷಕಿ ಮಾಯಾ, ಚಿಮ್ಮಡದಲ್ಲಿ ಹೊಲ ಮಾಡಿಕೊಂಡಿದ್ದ ಗುರುಸಿದ್ದ, ಮುಧೋಳದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಚಿದಾನಂದ. ನಾಲ್ಕು ಜನ, ನಾಲ್ಕು ಗಾಡಿ. ಮೊದಲ ದಿನ ಅಂಬೋಲಿ. ಎರಡನೇ ದಿನ ಚಂದಗಡದ ಕಡೆ ಸುತ್ತಾಟ. ಮೂರನೇ ದಿನ ಬೆಳಿಗ್ಗೆ ದಟ್ಟ ಮಂಜಿನಲ್ಲಿ ತಿಲಾರಿ ಘಾಟ ಇಳಿಯುವಾಗ ಯಲ್ಲಾಲಿಂಗ ಮೂರನೇ ತಿರುವಿನಲ್ಲಿ ಎಡಗಡೆಯ ಕಮರಿಗೆ ಬಿದ್ದ.

"ಕೈಗಡಿಯಾರ ಒಡದು ಏಳು ಐದಕ್ಕ ನಿಂತಿತ್ರಿ. ತೊಡೀ ಎಲುಬು ಮುರದಿತ್ತು. ಬಿದ್ದ ಮ್ಯಾಲೂ ಒಂದು ತಾಸು ಜೀವಾ ಇತ್ತಂತ ಡಾಕ್ಟರು ಬರದಾರ. ಆದರ ಏಳು ನಾಲ್ವತ್ತಕ್ಕ, ಉಳದ ಮೂರೂ ಮಂದಿ ಘಾಟಿನ ಬುಡದಾಗ ಚಹಾದಂಗಡಿ ಮುಂದ ನಿಂತಾಗ, ಹೆಲ್ಮೆಟ್ಟಿನಾಗ ಅಣ್ಣನ ದನಿ ಬಂತು. 'ನೀವು ನಡೀರಿ, ನಾ ಹಿಂದ ಬರಾಕತ್ತೇನಿ' ಅಂತ."

ಅವರ ಹೆಲ್ಮೆಟ್ಟುಗಳಲ್ಲಿ ಇಂಟರ್‌ಕಾಮ್ ಇತ್ತು. ಗಾಡಿ ಓಡಿಸುತ್ತಲೇ ನಾಲ್ವರೂ ಮಾತಾಡಬಹುದಿತ್ತು. ಆ ದನಿಯನ್ನು ನಂಬಿ ಮೂವರೂ ಮುಂದೆ ಹೋದರು. ಕಾದು ಕಾದು ಪೊಲೀಸರಿಗೆ ಹೇಳಿ, ಹುಡುಕಿ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಸತ್ತಾವನ ಆತ್ಮ ಮಾತಾಡೇತಿ ಅಂತ ಕೆಲವರು ಅಂತಾರ. ಕಾಲು ಮುರದು ಬಿದ್ದಾವ ನಡೀರಿ ಅಂದಾನಂದ್ರ ಅವಗ ಸಾಯೂದ ಬೇಕಾಗಿತ್ತು ಅಂತ ಉಳದಾವ್ರು ಅಂತಾರ. ನಮ್ಮವ್ವ ಎರಡೂ ಮಾತು ಕೇಳಿ ಕೇಳಿ ಊಟಾ ಬಿಟ್ಟಾಳ. 'ನನ್ನ ಮಗಗ ಏನು ಕಡಿಮಿ ಮಾಡಿದ್ದೆ' ಅಂತ ಒಂದ ಸವನ ಕೇಳ್ತಾಳ."

ಅಕ್ಕ ಕಣ್ಣು ತೆರೆದರು. "ನಡೀ ದಶರಥ, ಗಾಡಿ ತಗೀ."

ಮೊದಲು ಮಾಯಾಳನ್ನು ಕಂಡೆವು. ಶಾಲೆಯ ಪಡಸಾಲೆಯಲ್ಲಿ ಮಾತಿಗೆ ಕೂತಳು. ಆ ದಿನದ ನಂತರ ಅವಳು ಹೆಲ್ಮೆಟ್ ಹಾಕಿಕೊಂಡಿಲ್ಲವಂತೆ.

"ಕಿವಿ ಮುಚ್ಚಿದ ಕೂಡಲೆ ಅವ ಮಾತಾಡಿದಂಗ ಆಕ್ಕೈತ್ರಿ. ನಾ ಎಲ್ಲಾರಿಗಿಂತ ಮುಂದಿದ್ದೆ. ನನ್ನ ಹಿಂದ ಯಲ್ಲಾಲಿಂಗ, ಆಮ್ಯಾಲ ಚಿದಾನಂದ, ಕಡೀಕ ಗುರುಸಿದ್ದ. ಮಂಜಿನಾಗ ಒಬ್ಬರಿಗೊಬ್ಬರು ಕಾಣತಿರಲಿಲ್ಲ. ಕೆಳಗ ನಾ ಮೊದಲ ಬಂದೆ. ಚಿದಾನಂದ ಬಂದು, 'ಯಲ್ಲ್ಯಾ ಫೋಟೋ ತಗ್ಯಾಕ ನಿಂತಾನ, ನಾ ದಾಟಿ ಬಂದೆ' ಅಂದ. ಆಮ್ಯಾಲ ಗುರುಸಿದ್ದ ಬಂದ. ಚಿದಾನಂದ ಫೋನ್ ಹಿಡಕೊಂಡು ನೆಟ್‌ವರ್ಕ್ ಹುಡಕಾಕತ್ತಿದ್ದ. ಆವಾಗ ದನಿ ಬಂತು."

"ಬರೇ ದನಿ ಅಷ್ಟನೋ, ಹಿಂದ ಬ್ಯಾರೆ ಸಪ್ಪಳ ಇತ್ತೋ?"

ಮಾಯಾ ಯೋಚಿಸಿದಳು. "ಇಂಜಿನ್ ಸಪ್ಪಳ ಇತ್ರಿ."

"ಬೆರಳಿಲೆ ಬಾರಿಸಿ ತೋರಸು."

ಅವಳು ಬೆಂಚಿನ ಮೇಲೆ ಬಾರಿಸಿದಳು. ಟಕ್ಕ-ಟಕ್ಕ, ಟಕ್ಕ-ಟಕ್ಕ. ಒಂದು ಈಚೆ, ಒಂದು ಆಚೆ, ಅಳತೆ ಹಿಡಿದಂತೆ. ಇಪ್ಪತ್ತು ವರ್ಷ ಇಂಜಿನ್ ಬಿಚ್ಚಿದ ನನಗೆ ಯಾವ ಬೈಕೂ ಹಾಗೆ ಸದ್ದು ಮಾಡಿದ್ದು ನೆನಪಿಲ್ಲ.

"ಕಡೀಕ 'ಮಹಾ' ಅಂದ್ರಿ. ಅಷ್ಟಕ್ಕ ದನಿ ತುಂಡಾತು. ಮಹಾದೇವಾ ಅನ್ನಾಕ ಹೋಗಿದ್ದ ಅನಸ್ತೈತಿ." ಅವಳ ಕಣ್ಣು ತುಂಬಿತು. "ಮೊದಲಿನ ದಿನ ಎಷ್ಟು ಖುಷಿಯಿಂದ ಹೊಂಟಿದ್ವಿ. 'ಯಲ್ಲ್ಯಾ ತಡಾ ಮಾಡ್ತಾನಂತ, ನಾವು ನಡಿಯೂಣು' ಅಂತ ಚಿದಾನಂದ ನಗಿಸಿದ್ದ."

ಚಿಮ್ಮಡದಲ್ಲಿ ಗುರುಸಿದ್ದ ಸಿಕ್ಕ. ಅವನನ್ನು ನೋಡಿದಾಗ ನನಗೆ ಅನುಮಾನವೇ ಬಂತು. ಹಿಂದಿನ ಸಂಜೆ ಅವನಿಗೂ ಯಲ್ಲಾಲಿಂಗನಿಗೂ ಯಾವ ದಾರಿ ಹಿಡಿಯಬೇಕೆಂದು ಜಗಳವಾಗಿತ್ತು. ಘಾಟಿನಲ್ಲಿ ಎಲ್ಲರ ಹಿಂದೆ ಇದ್ದವನೂ ಅವನೇ.

"ಒಂದು ಮಾತು ಯಾರಿಗೂ ಹೇಳಿಲ್ರಿ," ಎಂದ ಅವನು ತಲೆ ತಗ್ಗಿಸಿ. "ಮೂರನೇ ತಿರುವಿನಾಗ ನನ್ನ ಕಿವ್ಯಾಗ ಯಾರೋ ಉಸರು ಬಿಟ್ಟಂಗಾತು. ಮಾತಿಲ್ಲ, ಬರೇ ಉಸರು. ಮುಂದ ಹಿಂದ ಯಾರೂ ಇಲ್ಲ, ಮಂಜು. ಅಂಜಿ ಗಾಡಿ ಬಿಟ್ಟೆ. ಕೆಳಗ ಬಂದ ಮ್ಯಾಲ ಮನಸು ತಡೀಲಿಲ್ಲ. ತಿರುಗಿ ಹೋಗಿ ನೋಡಿ ಬರ್ತೀನಿ ಅಂತ ಗಾಡಿ ತಿರುಗಿಸಿದೆ. ಆವಾಗ 'ನೀವು ನಡೀರಿ' ಅಂದ. ಆರಾಮ ಅದಾನಂತ ಸುಮ್ಮನಾದೆ."

"ಆ ಇಂಟರ್‌ಕಾಮ್ ಎಷ್ಟು ದೂರ ಕೇಳ್ತೈತೆಪಾ?"

"ಬಯಲಾಗ ಒಂದು ಕಿಲೋಮೀಟರ್ ರೀ. ಗುಡ್ಡ ಅಡ್ಡ ಬಂದ್ರ ಅಷ್ಟೂ ಇಲ್ಲ. ಒಬ್ಬರು ಫೋನಿನಾಗ ಹಾಡು ಹಚ್ಚಿದ್ರ ಹತ್ತರ ಇದ್ದಾವ್ರಿಗೆಲ್ಲಾ ಕೇಳತಿತ್ತು."

"ಮೂರನೇ ತಿರುವಿನಿಂದ ಚಹಾದಂಗಡಿ?"

"ಆರು ಕಿಲೋಮೀಟರ್ ಆಗಬಹುದು." ಹೇಳಿದ ಮೇಲೆ ಅವನ ಮುಖ ಬಿಳಿಚಿತು.

ಬನಹಟ್ಟಿಯ ಓಣಿಯಲ್ಲಿ ಮನೆಮನೆಗೂ ಮಗ್ಗಗಳ ಸದ್ದು. ಯಲ್ಲಾಲಿಂಗನ ಮನೆಯ ಒಳಕೋಣೆಯಲ್ಲೂ ನಾಲ್ಕು ಪವರ್‌ಲೂಮ್ ಓಡುತ್ತಿದ್ದವು. ಅಕ್ಕ ಹೊಸ್ತಿಲ ಬಳಿ ಒಂದು ನಿಮಿಷ ನಿಂತು, ನಂತರ ಒಳಗೆ ಬಂದರು. ಯಲ್ಲಾಲಿಂಗನ ತಾಯಿ ಭಾಗವ್ವ ಗೋಡೆಗೊರಗಿ ಕೂತಿದ್ದರು. ಅವರ ಪಕ್ಕದಲ್ಲಿ ಮಾತ್ರೆಯ ಚೀಟಿ ಹಿಡಿದು ಚಿದಾನಂದ ಕೂತಿದ್ದ. ವಾರಕ್ಕೆ ಎರಡು ಸಲ ಮುಧೋಳದಿಂದ ಬರುತ್ತಾನೆ, ಮಗನ ಹಾಗೆ ನೋಡಿಕೊಳ್ಳುತ್ತಾನೆ ಎಂದು ವೈಶಾಲಿ ಹೇಳಿದ್ದಳು.

"ದನಿ ಕೇಳಿದ್ದು ಖರೆ ರೀ," ಎಂದ ಚಿದಾನಂದ. "ಕಡೀಕ 'ಮಹಾದೇವಾ' ಅಂದ. ನಾ ಸ್ಪಷ್ಟ ಕೇಳೀನಿ."

ಆ ಹೆಸರು ಕಿವಿಗೆ ಬಿದ್ದೊಡನೆ ಭಾಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನಾನು ಹಿತ್ತಲಿಗೆ ಹೋಗಿ, ಪೊಲೀಸರು ಮರಳಿಸಿದ್ದ ಯಲ್ಲಾಲಿಂಗನ ಗಾಡಿಯ ಮೇಲಿನ ತಾಡಪತ್ರಿ ಸರಿಸಿದೆ. ಎಡಭಾಗವೆಲ್ಲ ಬಂಡೆಗೆ ಉಜ್ಜಿ ಹೋಗಿತ್ತು. ವಿಚಿತ್ರವೆಂದರೆ ಬಲಗಡೆ ಚೀಲ ಕಟ್ಟುವ ಕಬ್ಬಿಣದ ಚೌಕಟ್ಟು ಒಳಕ್ಕೆ ಬಾಗಿತ್ತು, ಬಾಗಿದಲ್ಲಿ ಕಪ್ಪು ರಬ್ಬರಿನ ಗೀರು. ಅಂಗಳದಲ್ಲಿ ನಿಂತಿದ್ದ ಚಿದಾನಂದನ ಗಾಡಿಯನ್ನೂ ನೋಡಿದೆ. ಬಲಗಾಲಿನ ಫುಟ್‌ರೆಸ್ಟಿನ ರಬ್ಬರು ಸವೆದು ನುಣುಪಾಗಿತ್ತು. ಎಡಗಾಲಿನದು ಹೊಸದು. ರಬ್ಬರು ಬದಲಿಸುವವರು ಸಾಮಾನ್ಯವಾಗಿ ಎರಡನ್ನೂ ಬದಲಿಸುತ್ತಾರೆ. ಇದನ್ನು ಅಕ್ಕನ ಕಿವಿಯಲ್ಲಿ ಹೇಳಿದೆ.

ಹೊರಡುವಾಗ ಅಕ್ಕ ವೈಶಾಲಿಯನ್ನು ಕರೆದು ಒಂದೇ ಪ್ರಶ್ನೆ ಕೇಳಿದರು. "ಪ್ರವಾಸಕ್ಕ ಹೊಂಟ ದಿನಾ ನಿಮ್ಮಣ್ಣ ಫೋನಿನಾಗ ಯಾರಿಗರ ಮಾತು ರೆಕಾರ್ಡ್ ಮಾಡಿ ಕಳಿಸಿದ್ದನೇನು?"

"ಹೌದ್ರಿ. ಮಗ್ಗದ ಖೋಲ್ಯಾಗ ನೂಲು ಹರದಿತ್ತು, ಜೋಡಸಾಕ ತಡಾ ಆತು. ಅಲ್ಲೇ ನಿಂತು ಗೆಳ್ಯಾಗ ಯಾರಿಗೋ ಮಾತಾಡಿ ಕಳಿಸಿದ. ಯಾರಿಗಂತ ನೋಡಿಲ್ಲ."

ಮಾರನೆಯ ದಿನ ಮಧ್ಯಾಹ್ನ ಭಾಗವ್ವನ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಬಾಗಿಲ ಹತ್ತಿರ ಅಕ್ಕ ಕರೆಸಿದ್ದ ಹವಾಲ್ದಾರ ಭೀಮಶಿ ನಿಂತಿದ್ದ. ಮಗ್ಗಗಳನ್ನು ನಿಲ್ಲಿಸಿದ್ದರು. ಅಷ್ಟು ಹೊತ್ತು ಅಭ್ಯಾಸವಾಗಿದ್ದ ಸದ್ದು ನಿಂತು, ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಂತಾಗಿತ್ತು.

"ಮಾಯಾ, ಕಣ್ಣು ಮುಚ್ಚಿಕೋ," ಎಂದರು ಅಕ್ಕ. "ವೈಶಾಲಿ, ಒಂದು ಮಗ್ಗ ಹಚ್ಚು."

ಒಳಗೆ ಮಗ್ಗದ ಸದ್ದು ಎದ್ದಿತು. ಟಕ್ಕ-ಟಕ್ಕ, ಟಕ್ಕ-ಟಕ್ಕ. ಮಾಯಾ ಥಟ್ಟನೆ ಕಣ್ಣು ತೆರೆದಳು. "ಇದ. ದನಿ ಹಿಂದ ಇದ ಸಪ್ಪಳ ಇತ್ತು."

"ಬಂದ್ ಮಾಡ್ವಾ," ಎಂದು ಅಕ್ಕ ಮಾತು ಶುರು ಮಾಡಿದರು. "ತಿಲಾರಿ ಘಾಟಿನಾಗ ಮಗ್ಗ ಇಲ್ಲ. ಆ ಮಾತು ಹುಟ್ಟಿದ್ದು ಈ ಮನ್ಯಾಗ, ಎರಡು ದಿನಾ ಮೊದಲ. ಆರು ಕಿಲೋಮೀಟರ್ ದೂರದ ಕಮರಿಯಿಂದ ಹೆಲ್ಮೆಟ್ಟಿಗೆ ದನಿ ಬರೂದಿಲ್ಲ. ಅಂದ ಮ್ಯಾಲ ಅದು ಬಂದಿದ್ದು ಚಹಾದಂಗಡಿ ಮುಂದ ನಿಂತಾವ್ರ ಫೋನಿನಿಂದ. ಹಾಡು ಹಚ್ಚಿದಂಗ ಹಚ್ಚ್ಯಾರ. ಇನ್ನ 'ಮಹಾ' ಅಂದಿದ್ದು. ಅದು ಮಹಾದೇವ ಅಲ್ಲ. ತಡಾ ಆದ ಮನಶ್ಯಾ ಹಿಂದಿನಿಂದ ಬಂದು ಎಲ್ಲಿ ಕೂಡ್ತೀನಿ ಅಂತಾನ? ದಾರ್ಯಾಗಿನ ಮುಂದಿನ ಊರಾಗ. ಅದು ಮಹಾಲಿಂಗಪುರ. ಊರ ಹೆಸರು ಪೂರಾ ಕೇಳಿದ್ರ ಗುಟ್ಟು ಒಡೀತಿತ್ತು. ಅದಕ್ಕ ಅಲ್ಲಿಗೆ ಕತ್ತರಿಸ್ಯಾರ."

ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಆ ಮಾತು ಯಾರಿಗೆ ಬಂದಿತ್ತು? ಅವತ್ತು ಮುಂಜಾನೆ ಯಲ್ಲಾಲಿಂಗ ತಡಾ ಮಾಡ್ತಾನಂತ ಎಲ್ಲಾರಿಗೂ ಹೇಳಿದಾವ ಒಬ್ಬನ. ಕೆಳಗ ಫೋನ್ ಕೈಯಾಗ ಹಿಡಕೊಂಡು ನಿಂತಿದ್ದಾವನೂ ಅವನ. ತುಂಡಾದ ಮಾತಿಗೆ 'ಮಹಾದೇವಾ' ಅಂತ ಬಾಲಾ ಹಚ್ಚಿದಾವನೂ ಅವನ. ಘಾಟಿನಾಗ ಯಲ್ಲಾಲಿಂಗನ ಬೆನ್ನಿಗಿದ್ದಾವನೂ ಅವನ. ಬಲಗಡೆಯಿಂದ ದಾಟಾಕ ಹೋದಾಗ ಅವನ ಎಡಗಾಲಿನ ಫುಟ್‌ರೆಸ್ಟ್ ಚೌಕಟ್ಟಿಗೆ ಬಡದೈತಿ. ಆ ಗೀರು ಇನ್ನೂ ಹಿತ್ತಲದಾಗ ಐತಿ." ಅಕ್ಕ ತಿರುಗಿದರು. "ಚಿದಾನಂದ, ನಿನ್ನ ಫೋನ್ ಕೊಡಪಾ. ಆ ಮಾತು ಅಳಿಸಿಲ್ಲ ಅನಸ್ತೈತಿ ನನಗ."

ಚಿದಾನಂದ ಜೇಬಿನಿಂದ ಫೋನ್ ತೆಗೆದು ನೆಲದ ಮೇಲಿಟ್ಟ.

"ಅಳಸಾಕ ಕೈ ಬರಲಿಲ್ರಿ," ಎಂದ. "ಎರಡು ವರ್ಷದ ಹಿಂದ ನನ್ನ ಗಾಡಿ ಒಬ್ಬ ಮುದುಕಗ ಬಡದಿತ್ತು. ಆ ಕೇಸು ಇನ್ನೂ ನಡದೈತಿ. ಮತ್ತೊಂದು ಆದ್ರ ಲೈಸನ್ಸ್ ಹೋಗತಿತ್ತು, ಸ್ಕೂಲ್ ಹೋಗತಿತ್ತು. ಮಂಜಿನಾಗ ಬೇಕಂತ ಬಡೀಲಿಲ್ಲ. ಅವ ಬಿದ್ದ ಮ್ಯಾಲ ನಿಂತೆ. ಕೆಳಗ ಏನೂ ಕಾಣವಲ್ದು. ಆದರ ಹೆಲ್ಮೆಟ್ಟಿನಾಗ ಕೇಳಾಕತ್ತಿತ್ತು."

"ಏನು ಕೇಳಾಕತ್ತಿತ್ತು?" ಕೇಳಿದವರು ಭಾಗವ್ವ. ಆ ಎರಡು ದಿನಗಳಲ್ಲಿ ನಾನು ಕೇಳಿದ ಅವರ ಮೊದಲ ಮಾತು ಅದು.

ಚಿದಾನಂದ ಅವರ ಕಡೆ ನೋಡಲಿಲ್ಲ. "'ಚಿದ್ಯಾ, ಕಾಲು ಆಡವಲ್ದು. ಹಗ್ಗ ಒಗೀರಿ' ಅಂದ. 'ನಮ್ಮವ್ವಗ ಈಗ ಹೇಳಬ್ಯಾಡ್ರಿ, ಹೆದರ್ತಾಳ' ಅಂದ. ನಾ ಗಾಡಿ ಚಾಲೂ ಮಾಡಿದೆ. ಎರಡು ತಿರುವು ಮಟಾ ಕೇಳತಿತ್ತು. ಆಮ್ಯಾಲ ನಿಂತು ಹೋತು. ಕೆಳಗ ಗುರುಸಿದ್ದ ಗಾಡಿ ತಿರುಗಿಸಿದ. ಅವ ಹೋದ್ರ ಎಲ್ಲಾ ಗೊತ್ತಾಕ್ಕಿತ್ತು. ಫೋನಿನಾಗ ಆ ಮಾತಿತ್ತು. ಹಚ್ಚಿಬಿಟ್ಟೆ. ಈಗ ದಿನಾ ಕೇಳ್ತೈತ್ರಿ. ಹೆಲ್ಮೆಟ್ ಇಲ್ದನೂ ಕೇಳ್ತೈತಿ."

"ಬಿದ್ದದ್ದು ಅಪಘಾತ," ಎಂದರು ಕಸ್ತೂರಕ್ಕ ಮೆಲ್ಲಗೆ. "ಗುರುಸಿದ್ದನ ಕಿವ್ಯಾಗ ಬಂದ ಉಸರು ಯಲ್ಲಾಲಿಂಗಂದ. ಗುರುಸಿದ್ದ ತಿರುಗಿ ಹೋಗಿದ್ರ ಆ ಹುಡುಗನ ಜೀವಾ ಉಳೀಬಹುದಿತ್ತು. ನೀ ಅದನ್ನ ತಡದಿ. ಅದಕ್ಕ ಅಪಘಾತ ಅನ್ನಾಕ ಬರೂದಿಲ್ಲ."

ಭಾಗವ್ವ ಕೈಚಾಚಿ ಫೋನಿನ ಕಡೆ ತೋರಿಸಿದರು. ವೈಶಾಲಿ ಆ ಮಾತನ್ನು ಹುಡುಕಿ ಒತ್ತಿದಳು. ಮಗ್ಗದ ಸದ್ದಿನ ನಡುವೆ ಒಂದು ಹುಮ್ಮಸ್ಸಿನ ಗಂಡುದನಿ ಪಡಸಾಲೆ ತುಂಬಿತು.

"ನೀವು ನಡೀರಿ, ನಾ ಹಿಂದ ಬರಾಕತ್ತೇನಿ. ಮಹಾಲಿಂಗಪುರ ದಾಟೂದ್ರಾಗ ನಿಮ್ಮನ್ನ ಹಿಡೀತೀನಿ ನೋಡ್ರಿ. ನಮ್ಮವ್ವ ಬುತ್ತಿ ಕಟ್ಟಾಕತ್ತಾಳ, ನಾಕೂ ಮಂದಿಗೆ."

ದನಿ ಮುಗಿಯಿತು. ಭಾಗವ್ವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಹಗ್ಗ ಕೇಳಿದ್ದ," ಎಂದರು ಅವರು, ತಮಗೆ ತಾವೇ. "ಅವಗ ಬದುಕೂದು ಬೇಕಾಗಿತ್ತು."

"ಹೌದವಾ," ಎಂದರು ಅಕ್ಕ. "ಬೇಕಾಗಿತ್ತು."

ಭೀಮಶಿ ಚಿದಾನಂದನ ರಟ್ಟೆ ಹಿಡಿದು ಎಬ್ಬಿಸಿದ. ಹೋಗುವಾಗ ಅವನು ಭಾಗವ್ವನ ಕಾಲಿಗೆ ಬಗ್ಗಲು ನೋಡಿದ. ಭಾಗವ್ವ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ಬೈಯಲಿಲ್ಲ, ಶಪಿಸಲಿಲ್ಲ. ಹೊರಗೆ ಜೀಪು ಹೋದ ಮೇಲೆ ಮೂಲೆಯಲ್ಲಿ ಮುಖ ಮುಚ್ಚಿ ಕೂತಿದ್ದ ಗುರುಸಿದ್ದನ ಕಡೆ ತಿರುಗಿದರು.

"ನೀ ಖರೇನ ಗಾಡಿ ತಿರುಗಿಸಿದ್ದೇನು?"

"ತಿರುಗಿಸಿದ್ದೆ ಯವ್ವಾ. ಆದರ ಹೋಗಲಿಲ್ಲ. ನಾ ಹೋಗಬೇಕಾಗಿತ್ತು."

ಭಾಗವ್ವ ಗೋಡೆ ಹಿಡಿದು ಎದ್ದರು. ಎಷ್ಟೋ ದಿನ ಊಟ ಬಿಟ್ಟ ದೇಹ, ಒಮ್ಮೆ ತೂಗಾಡಿತು. ವೈಶಾಲಿ ಹಿಡಿಯಲು ಬಂದರೆ ಬೇಡವೆಂದು ಕೈಯಾಡಿಸಿ, ಗುರುಸಿದ್ದನ ಹತ್ತಿರ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟರು.

"ಕೈಕಾಲು ತೊಳಕೋ," ಎಂದರು. "ರೊಟ್ಟಿ ಮಾಡ್ತೀನಿ. ನೀನೂ ಉಣ್ಣು, ನಾನೂ ಉಣ್ತೀನಿ."