ಮೇಲಿನ ಬಂಕ್

ಅವರಿಬ್ಬರ ಕೈಗಳು ಮೊದಲ ಸಲ ತಾಗಿದ್ದು ಒಂದು ಟ್ರೇಲರ್‌ನ ಬಾಗಿಲ ಹಿಡಿಕೆಯ ಮೇಲೆ.

ಡಲ್ಲಾಸ್‌ನ ಹೊರಗಿನ ಒಂದು ಮಾರಾಟದ ಅಂಗಳ. ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ ಒಳಗೇ ಮಲಗಬಹುದಾದ ಟ್ರಾವೆಲ್ ಟ್ರೇಲರ್‌ಗಳು ಸಾಲುಸಾಲಾಗಿ ನಿಂತಿರಬೇಕಾದ ಕಡೆ ಬರೀ ಟಾರು, ಅದರ ಮೇಲೆ ಕುಣಿಯುವ ಬಿಸಿಲು. ಉಳಿದದ್ದು ಒಂದೇ ಒಂದು. ಕುಮುದಾ ಅದರ ಹಿಡಿಕೆಗೆ ಕೈ ಹಾಕಿದ ಹೊತ್ತಿಗೇ ಇನ್ನೊಂದು ಕೈಯೂ ಬಂತು.

ಆತ ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಿದ್ದ. ಅವಳು ಮಗಳ ಕಡೆ ತಿರುಗಿ “ಪುಟ್ಟಾ, ಓಡಬೇಡ, ಬಿದ್ದೀಯ” ಎಂದದ್ದೇ ಅವನ ಮುಖ ಅರಳಿತು.

“ಅಯ್ಯೋ, ಕನ್ನಡದೋರಾ? ಹಾಗಾದ್ರೆ ನೀವೇ ತಗೊಳ್ಳಿ.”

“ಛೆ ಛೆ, ಪರವಾಗಿಲ್ಲ. ನೀವೇ ತಗೊಳ್ಳಿ.”

“ನಿಮಗೆ ಮಗು ಇದೆ. ನಾನೊಬ್ಬನೇ, ಆಸ್ಟಿನ್ ಹತ್ರದ ಲಿಯಾಂಡರ್‌ನಿಂದ ಇನ್ನೊಂದು ದಿನ ಬರ್ತೀನಿ.”

“ಅಷ್ಟು ದೂರದಿಂದ ಡ್ರೈವ್ ಮಾಡ್ಕೊಂಡು ಬಂದು ಬರಿಗೈಲಿ ಹೋಗ್ತೀರಾ? ನಾನು ಇಲ್ಲೇ ಲಿಟಲ್ ಎಲ್ಮ್‌ನೋಳು. ನೀವೇ ತಗೊಳ್ಳಿ ಅಂದ್ನಲ್ಲ.”

ಈ ಉಪಚಾರ ಮುಗಿಯುವಷ್ಟರಲ್ಲಿ ಅಗಲ ಟೋಪಿಯ ಮುದುಕನೊಬ್ಬ ಆಫೀಸಿನೊಳಗೆ ಹೋಗಿ ಸಹಿ ಹಾಕಿ ಬಂದ. ಇಬ್ಬರಿಗೂ ಟೋಪಿ ಎತ್ತಿ ವಂದಿಸಿ, ಟ್ರೇಲರನ್ನು ತನ್ನ ಟ್ರಕ್ಕಿಗೆ ಕಟ್ಟಿಕೊಂಡು ಹೊರಟೇಹೋದ.

ಧೂಳು ಅಡಗುವ ತನಕ ಇಬ್ಬರೂ ನೋಡುತ್ತ ನಿಂತರು. ಮೊದಲು ನಕ್ಕವನು ಅವನು. ಅನಿರುದ್ಧ್. ಅವನ ನಗು ಕಣ್ಣಿನಿಂದ ಶುರುವಾಗಿ ತುಟಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂಬುದನ್ನು ಕುಮುದಾ ಆವತ್ತೇ ಕಂಡುಕೊಂಡಳು. ಡೈವೋರ್ಸಾದ ಮೇಲೆ ಯಾವ ಗಂಡಸಿನ ನಗುವನ್ನೂ ಅವಳು ಅಷ್ಟು ಹೊತ್ತು ನೋಡಿರಲಿಲ್ಲ.

ಆಮೇಲೆ ಇಬ್ಬರೂ ಸೇರಿ ಹುಡುಕತೊಡಗಿದರು. ಮಾರಾಟಕ್ಕಿರುವ ಟ್ರೇಲರ್‌ಗಳ ಫೋಟೊಗಳೇ ಅವರ ಪ್ರೇಮಪತ್ರಗಳಾದವು. ಇವಳು ಮಗಳು ಮಹತಿಯ ಲಂಚ್ ಬಾಕ್ಸ್ ತೊಳೆಯುತ್ತ, ಒಗೆದ ಬಟ್ಟೆ ಮಡಚುತ್ತ ಫೋನನ್ನು ಸ್ಪೀಕರಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. ಹೋದ ವಾರದ ಬೆಲೆ ಈ ವಾರ ಇರುತ್ತಿರಲಿಲ್ಲ. ಈ ವಾರ ಕಂಡದ್ದು ಫೋನ್ ಮಾಡುವಷ್ಟರಲ್ಲಿ ಖಾಲಿ. “ಚಿನ್ನವಾದರೂ ಸಿಗುತ್ತೆ, ಇದು ಸಿಗಲ್ಲ” ಎಂದು ಅವಳು ಬೈದರೆ, “ಸಿಗದೇ ಇದ್ರೇ ಒಳ್ಳೇದು, ದಿನಾ ಮಾತಾಡೋಕೆ ನೆಪ ಇರುತ್ತೆ” ಎನ್ನುತ್ತಿದ್ದ. ಯಾವುದೋ ಒಂದು ಸಂಜೆ ‘ನೀವು’ ಹೋಗಿ ‘ನೀನು’ ಬಂತು. ಯಾರು ಮೊದಲು ಅಂದರು ಎಂಬುದಕ್ಕೆ ಇನ್ನೂ ಜಗಳವಿತ್ತು.

ಎರಡೂ ಊರಿನ ನಡುವೆ, ವೆಸ್ಟ್ ಎಂಬ ಪುಟ್ಟ ಊರಿನ ಬೇಕರಿಯಲ್ಲಿ ಅವನು ಕೇಳಿಯೇಬಿಟ್ಟ. ಅವನ ಮೀಸೆಗೆ ಪುಡಿ ಸಕ್ಕರೆ ಅಂಟಿತ್ತು. ಅದನ್ನು ಹೇಳದೆ, ಕುಮುದಾ ನಗು ತಡೆದು ತುಟಿ ಕಚ್ಚಿಕೊಂಡು ನೋಡುತ್ತ ಕೂತಿದ್ದಳು.

“ಏನು ನಗ್ತೀಯ? ನಾನು ಮದುವೆ ವಿಷಯ ಮಾತಾಡ್ತಿದೀನಿ.”

“ಕೇಳಿಸ್ತು.” ಅವಳು ಬೆರಳಿನಿಂದ ಸಕ್ಕರೆ ಒರೆಸಿದಳು. “ಆದ್ರೆ ಎಲ್ಲಿರೋದು? ಕೋರ್ಟು ಹೇಳಿದೆ, ಮಹತಿ ಜೊತೆ ನಮ್ಮ ಕೌಂಟಿ ಬಿಟ್ಟು ಬೇರೆ ಕಡೆ ಮನೆ ಮಾಡೋ ಹಾಗಿಲ್ಲ. ನಿನ್ನ ಕೆಲಸ ಆಸ್ಟಿನ್ ಬಿಡಲ್ಲ.”

“ನಿನ್ನ ಮನೇನೂ ಬೇಡ, ನನ್ನ ಮನೇನೂ ಬೇಡ. ಸದ್ಯಕ್ಕೆ ಚಕ್ರ ಇರೋ ಮನೆ. ಪ್ರತಿ ಶುಕ್ರವಾರ ಇಲ್ಲೇ ಯಾವುದಾದ್ರೂ ಕೆರೆ ದಂಡೇಲಿ. ಟ್ರೇಲರ್ ಬಂದ ದಿನವೇ ಮದುವೆ ದಿನ ನೋಡೋಣ.”

“ಮೂರು ಜನಕ್ಕೆ ಜಾಗ ಇರಬೇಕು. ಮಹತಿಗೆ ಮಲಗೋಕೆ ಮೇಲಿನ ಬಂಕ್ ಬೇಕಂತೆ. ಈಗಲೇ ದುಪ್ಪಟಿ ಆರಿಸಿದಾಳೆ.”

“ಮೇಲಿನ ಬಂಕ್ ಅವಳದೇ,” ಎಂದ ಅನಿರುದ್ಧ್.

ಹ್ಯೂಸ್ಟನ್‌ನಲ್ಲಿ ಟ್ರೇಲರ್ ಮಾರುವ ಪುಟ್ಟಸ್ವಾಮಿ ಅಂಕಲ್ ಮಂಡ್ಯದವರು. ಮೂವರೂ ಹೋಗಿ ಕಂಡಾಗ ನಮ್ಮವರು ಎಂಬ ಅಭಿಮಾನದಿಂದ, ಬಂದದ್ದನ್ನು ಮೊದಲು ನಿಮಗೇ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದರು. ಟ್ರೇಲರ್ ಎಳೆಯುವ ಪಿಕಪ್ ಟ್ರಕ್ ಅನಿರುದ್ಧನದು, ಹಾಗಾಗಿ ಹೆಸರೂ ಫೋನ್ ನಂಬರೂ ಅವನದೇ ಇರಲಿ ಎಂದಳು ಕುಮುದಾ.

ಮೊದಲನೆಯದು ಬಂದಾಗ ಅವನೇ ಫೋನ್ ಮಾಡಿ, “ಆಷಾಢ ಕಣೇ, ಹೊಸ ಗಾಡಿ ಬೇಡ” ಎಂದ. ಏಕಾದಶಿಯ ದಿನ ಬಿರಿಯಾನಿ ತಿನ್ನುವವನ ಬಾಯಲ್ಲಿ ಆಷಾಢ! ನಮ್ಮ ಬಾಳಿಗೆ ಕೆಟ್ಟದಾಗಬಾರದೆಂಬ ಆಸೆ ಇವನಿಗೆಷ್ಟು ಎಂದು ಅವಳಿಗೆ ಕಣ್ಣು ತುಂಬಿ ಬಂತು. ಶ್ರಾವಣದಲ್ಲಿ ಬಂದದ್ದಕ್ಕೆ, “ರಾತ್ರೋರಾತ್ರಿ ರೇಟ್ ಏರಿಸಿಬಿಟ್ರು” ಎಂದ. ಮೂರನೆಯದಕ್ಕೆ, “ಬೇರೆಯವರು ತಗೊಂಡ್ರು, ಏನ್ ಮಾಡೋದು, ಸಪ್ಲೈನೇ ಇಲ್ಲ” ಎಂದ. ಪ್ರತಿ ಸಲವೂ ಕುಮುದಾ ಮಾರುಕಟ್ಟೆಯನ್ನು ಬೈದು, ಅವನನ್ನೇ ಸಮಾಧಾನ ಮಾಡಿದ್ದಳು.

ನವರಾತ್ರಿಯ ಶನಿವಾರ ಅವಳು ಮಗಳನ್ನು ಕರೆದುಕೊಂಡು ಹ್ಯೂಸ್ಟನ್‌ಗೆ ವಸಂತಾ ಚಿಕ್ಕಮ್ಮನ ಮನೆಯ ಬೊಂಬೆ ನೋಡಲು ಹೋದಳು. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ, ಫೋನ್ ಎತ್ತುವುದಿಲ್ಲ ಎಂದಿದ್ದ ಅನಿರುದ್ಧ್. ಅಂಕಲ್‌ಗೆ ಚಿಕ್ಕಮ್ಮನ ಮನೆಯ ಕಡಲೆಕಾಳಿನ ಸುಂಡಲ್ ಕೊಟ್ಟು, ಕೈಮುಗಿದು ಕೇಳಿಯಾದರೂ ಒಂದು ಟ್ರೇಲರ್ ಹೊಂದಿಸಿ, ಅವನನ್ನು ಆಶ್ಚರ್ಯಪಡಿಸಬೇಕೆಂದುಕೊಂಡಳು.

“ಬನ್ನಿ ತಾಯಿ!” ಪುಟ್ಟಸ್ವಾಮಿ ಅಂಕಲ್ ಎದ್ದು ಬಂದರು. “ಅವ್ರು ಮಧ್ಯಾಹ್ನ ಬತ್ತೀನಿ ಅಂದಿದ್ರು, ನೀವ್ ಮೊದ್ಲೇ ಬಂದ್ಬುಟ್ರಾ? ಅಕೋ ನೋಡಿ ನಿಮ್ ಗಾಡಿ, ತೊಳೆದು ನಿಲ್ಸಿವ್ನಿ.”

“ನಮ್ಮ ಗಾಡಿ?”

“ಹೂಂ ಕಣವ್ವ. ಮೂರು ಕಿತ ಫೋನ್ ಮಾಡಿದ್ನಲ್ಲ, ಬಂಕ್ ಇರೋವು, ಎಂಥಾ ಗಾಡಿಗಳು! ಬ್ಯಾಡ ಅಂದ್ರು. ಇಬ್ರಿಗೇ ಸಾಕು, ಬಂಕ್ ಇಲ್ದಿರೋದು ಬಂದ್ರೆ ಮಾತ್ರ ಹೇಳಿ ಅಂದ್ರು. ಅದೇ ಚಿಂತೇಲಿದ್ದೆ ನಾನು, ಈ ಕೂಸು...” ಅಂಕಲ್ ಮಹತಿಯನ್ನು ನೋಡಿದರು.

ಕುಮುದಾಳ ಕೈಯಲ್ಲಿ ಸುಂಡಲ್ ಡಬ್ಬಿ ಇನ್ನೂ ಬೆಚ್ಚಗಿತ್ತು.

ಅನಿರುದ್ಧ್ ಪಿಕಪ್ಪಿನಿಂದ ಇಳಿದಾಗ ಅವನ ಒಂದು ಕೈಯಲ್ಲಿ ಚೆಂಡುಹೂವಿನ ಹಾರ, ಇನ್ನೊಂದರಲ್ಲಿ ಚಕ್ರಕ್ಕಿಡಲು ನಿಂಬೆಹಣ್ಣು. ಅವಳನ್ನು ಕಂಡು ಅವನ ಕಣ್ಣು ಎಂದಿನಂತೆ ಮೊದಲು ನಕ್ಕಿತು. ತುಟಿಗೆ ಬರುವಷ್ಟರಲ್ಲಿ ಆ ನಗು ಸತ್ತಿತ್ತು.

“ರಿಲೀಸ್ ಮುಗೀತಾ?” ಎಂದಳು.

“ನಿನಗೆ ಸರ್‌ಪ್ರೈಸ್ ಕೊಡೋಣ ಅಂತ...”

“ಬಂಕ್ ಇದ್ದ ಮೂರನ್ನ ಯಾರು ತಗೊಂಡ್ರು ಅನಿ?”

ಅವನು ತಲೆ ತಗ್ಗಿಸಿದ. “ಮಹತಿ ಅಪ್ಪನ ಹತ್ರ ಹೋಗೋ ವೀಕೆಂಡ್‌ನಲ್ಲಿ ಮಾತ್ರ ಸೇರೋಣ ಅನ್ಕೊಂಡೆ. ಆ ಎರಡು ದಿನವಾದ್ರೂ ನೀನು ಯಾರ ಅಮ್ಮನೂ ಆಗಿರಬಾರದು, ನನಗೊಬ್ಬನಿಗೇ ಬೇಕಿತ್ತು. ತಪ್ಪಾ? ಹೇಳೋಕೆ ಧೈರ್ಯ ಬರ್ಲಿಲ್ಲ.”

“ಹೇಳಿದ್ದಿದ್ರೆ ಜಗಳ ಆಡ್ತಿದ್ದೆ. ಅತ್ತುಬಿಡ್ತಿದ್ದೆ. ಬಹುಶಃ ನಿನ್ನ ಮಾತೂ ಕೇಳ್ತಿದ್ದೆ.” ಅವಳ ದನಿ ಏರಲಿಲ್ಲ. “ನೀನು ಆಷಾಢದ ಮೇಲೆ ಹಾಕ್ದೆ. ರೇಟ್ ಮೇಲೆ ಹಾಕ್ದೆ. ದುಪ್ಪಟಿ ಹಿಡ್ಕೊಂಡು ಕೂತಿದ್ದ ಮಗೂಗೆ, ಅನಿ ಅಂಕಲ್ ತುಂಬಾ ಟ್ರೈ ಮಾಡಿದ್ರು ಅಂತ ನನ್ನ ಬಾಯಿಂದಲೇ ಹೇಳಿಸ್ದೆ.”

ಅಷ್ಟರಲ್ಲಿ ಟ್ರೇಲರ್‌ನೊಳಗೆಲ್ಲ ಸುತ್ತಿ ಬಂದ ಮಹತಿ ಬಾಗಿಲಲ್ಲಿ ನಿಂತಳು. ಮುಖದಲ್ಲಿ ದೂರಿರಲಿಲ್ಲ, ಬರೀ ಗೊಂದಲ.

“ಅಮ್ಮಾ, ವೇರ್ ಡು ಐ ಸ್ಲೀಪ್?”

ಅನಿರುದ್ಧನ ಕೈಯಿಂದ ಒಂದು ನಿಂಬೆಹಣ್ಣು ಜಾರಿ ಉರುಳುತ್ತ ಹೋಗಿ ಚಕ್ರಕ್ಕೆ ತಾಗಿ ನಿಂತಿತು.

ಪುಟ್ಟಸ್ವಾಮಿ ಅಂಕಲ್ ಗಂಟಲು ಸರಿಮಾಡಿಕೊಂಡರು. “ಬೇಜಾರು ಮಾಡ್ಕೋಬ್ಯಾಡಿ. ಹಿಂದೆ ಜನ ಕಾಯ್ತಾವ್ರೆ. ತಗೊಂಡೀರೋ, ಬಿಟ್ಟೀರೋ?”

“ನಾನು ಬಿಡ್ತೀನಿ,” ಎಂದ ಅನಿರುದ್ಧ್. “ಕುಮುದಾ, ಇದು ಬೇಡ. ಬೇರೆ ನೋಡೋಣ. ಬಂಕ್ ಇರೋದು. ಪ್ಲೀಸ್.”

ಮೀಸೆಯಂಚಿನಲ್ಲಿ ಬೆವರು ನಿಂತಿತ್ತು. ಅವಳ ಬೆರಳು ಅಭ್ಯಾಸಬಲದಿಂದ ಮೇಲೇಳಲು ಹೊರಟಿತು. ಅದನ್ನು ಮಡಚಿಕೊಂಡಳು.

“ಬೇಡ,” ಎಂದಳು. “ನೀವೇ ತಗೊಳ್ಳಿ.”

ಈ ಸಲ ಅವನು ಉಪಚಾರ ಹೇಳಲಿಲ್ಲ. ಆ ‘ನೀವು’ ಎದೆಗೆ ತಾಗಿದ್ದು ಅವನ ಕಣ್ಣಿನಲ್ಲೇ ಕಂಡಿತು. ಅವಳಿಗೂ ತಾಗಿತ್ತು, ಅವನಿಗಿಂತ ಹೆಚ್ಚೇ ಇರಬೇಕು.

ಕಾರಿನ ತನಕ ಹೋದವಳು ತಿರುಗಿ ಬಂದು ಡಬ್ಬಿಯನ್ನು ಪುಟ್ಟಸ್ವಾಮಿ ಅಂಕಲ್ ಕೈಗಿತ್ತಳು. “ಅಂಕಲ್, ಮುಂದಿನ ಸಲ ನನಗೇ ಫೋನ್ ಮಾಡಿ. ಬಂಕ್ ಇರೋದು ಬಂದಾಗ.”

“ರೇಟು ಇನ್ನೂ ಏರ್ತದೆ ತಾಯಿ. ಎಳೆಯೋ ಗಾಡಿ?”

“ನಾನು ನೋಡ್ಕೋತೀನಿ.”

ಡಲ್ಲಾಸ್ ಕಡೆಯ ಹೆದ್ದಾರಿ ಹತ್ತಿದ ಮೇಲೂ ಮಹತಿ ಹಿಂದಿನ ಗಾಜಿನಲ್ಲೇ ನೋಡುತ್ತಿದ್ದಳು.

“ಅಮ್ಮಾ, ಅದು ನಮ್ದಲ್ವಾ?” ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು.

ಕುಮುದಾ ಕನ್ನಡಿಯಲ್ಲಿ ಮಗಳನ್ನು ನೋಡಿದಳು. ಅನಿರುದ್ಧನ ಬಾಯಲ್ಲಿ ಕೇಳಿದ್ದ ಮಾತೇ ಅವಳ ನಾಲಿಗೆಗೆ ಬಂತು. ಈ ಸಲ ಅದರಲ್ಲಿ ಸುಳ್ಳಿರಲಿಲ್ಲ.

“ಇಲ್ಲ ಪುಟ್ಟಾ. ಬೇರೆಯವರು ತಗೊಂಡ್ರು.”