ಜೇಬಿನ ಸೀಸ

ಬಿಸಿ ಗೋಳಿಬಜೆಯ ಪೊಟ್ಟಣ ಹಿಡಿದು, ಮದುಮಗನ ಕಳೆಯಲ್ಲಿ ಕಮಲೇಶ ಈಜುಕೊಳದ ಗೇಟು ದಾಟಿ ಬಂದ. ಪ್ರಾಪ್ತಿ ಒಂದು ಬಟ್ಟೆಯ ಗಂಟನ್ನು ಅವನ ಕಾಲ ಬುಡಕ್ಕೆ ಎಸೆದಳು. ಗಂಟು ಬಿಚ್ಚಿ ಸೀಸದ ತುಂಡುಗಳು ಟೈಲ್ಸಿನ ಮೇಲೆ ಉರುಳಿದವು. ಬಲೆಗೆ ಕಟ್ಟುವ ಸೀಸ. ಬೋಳಾರದ ಅವನ ಮನೆಯ ಚಾವಡಿಯಲ್ಲಿ ಬುಟ್ಟಿಗಟ್ಟಲೆ ಇರುತ್ತದೆ.

“ಇದು ಎಂತದ್ದು?”

ಅವನ ನಗು ಇಳಿಯಿತು.

“ತೊಳೀಲಿಕ್ಕೆ ಅಂತ ನಿನ್ನ ಜಾಕೆಟ್ ಎತ್ತಿದೆ, ಕೈ ಜಗ್ಗಿ ಹೋಯ್ತು. ಜೇಬಲ್ಲಿ ಆರು ಕಿಲೋ ಉಂಟು ಮಾರಾಯ! ನಾನು ನಿನ್ನ ಸೊಂಟಕ್ಕೆ ಕಟ್ಟಿದ್ದು ಎಷ್ಟು?”

“ನಾಲ್ಕು.”

“ನಿನ್ನೆ ನೀರಿಗೆ ಇಳಿಯುವ ಮೊದಲು ಎಷ್ಟು ಭಾರ ಉಂಟು ಅಂತ ಕೇಳಿದೆ. ನೀನು ಎಂತ ಹೇಳಿದ್ದು?”

“ನಾಲ್ಕು,” ಎಂದ, ನೆಲ ನೋಡುತ್ತ.

ಪ್ರಾಪ್ತಿ ಮಸ್ಕತ್ತಿನಲ್ಲಿ ಸ್ಕೂಬಾ ಕಲಿಸಿ ಬಂದವಳು. ಈಗ ಊರಿನಲ್ಲೇ, ಕ್ಯಾಲ್ವಿನ್ನನ ಡೈವಿಂಗ್ ಶಾಲೆಯಲ್ಲಿ ಟ್ರೈನರ್. ಕಮಲೇಶನದು ಮೀನಿನ ಬೋಟುಗಳು ನಿಲ್ಲುವ ದಕ್ಕೆಯಲ್ಲಿ ಕೆಲಸ. ಬೋಟಿನಡಿ ತಿರುಗುವ ಫ್ಯಾನಿಗೆ ಬಲೆ ಸುತ್ತಿಕೊಂಡರೆ ನೀರಿನಡಿ ಹೋಗಿ ಕತ್ತರಿಸಿ ಬಿಡಿಸುವವನು. ಸರ್ಟಿಫಿಕೇಟ್ ಪಡೆದು ಶಾಲೆಯಲ್ಲೇ ಕೆಲಸಕ್ಕೆ ಸೇರಬೇಕೆಂದು ಬಂದವನು ಟ್ರೈನರಳ ಮನಸ್ಸನ್ನೂ ಗೆದ್ದುಬಿಟ್ಟಿದ್ದ. ಬರುವ ಭಾನುವಾರ ನಿಶ್ಚಿತಾರ್ಥ.

ಬೆಚ್ಚಗಿನ ಸಮುದ್ರ, ತೆಳು ಸೂಟು. ತೇಲದೆ ನೀರಿನಡಿ ಇಳಿಯಲು ಮೈತೂಕದಲ್ಲಿ ನೂರಕ್ಕೆ ಐದು ಪಾಲಿನಷ್ಟು ಭಾರ ಸಾಕು ಎಂದು ಅವಳು ಅಂದಾಜು ಹಾಕಿ ಕಟ್ಟಿದ್ದಳು. ಆದರೆ ನಿನ್ನೆ ಸಮುದ್ರದ ತರಬೇತಿಗೆ ಹೋದಾಗ, ದ್ವೀಪದ ಹತ್ತಿರ ಅವನು ಕಲ್ಲು ಬಿದ್ದ ಹಾಗೆ ತಳ ಸೇರಿದ. ಮರಳೆಬ್ಬಿಸಿ, ಹವಳ ಮುರಿದು, ಕೈಕಾಲು ಬಡಿದು, ಎಲ್ಲರಿಗಿಂತ ಮೊದಲೇ ಗಾಳಿ ಮುಗಿಸುತ್ತ ಬಂದ. ಅವಳೇ ಹಿಡಿದು ಮೇಲೆ ತಂದಳು. ಬೋಟಿನಲ್ಲಿ ಎಲ್ಲರೆದುರು “ನನ್ನ ಲೆಕ್ಕ ತಪ್ಪಿತು, ಸಾರಿ” ಎಂದು ಕ್ಷಮೆಯನ್ನೂ ಕೇಳಿದಳು. ಮುಂದಿನ ವಾರದ ಬ್ಯಾಚನ್ನು ಕ್ಯಾಲ್ವಿನ್ ಅವಳ ಕೈಯಿಂದ ಕಿತ್ತುಕೊಂಡ.

“ನಾನು ಸಾರಿ ಹೇಳಿದಾಗ ನೀನು ಎಂತ ಅಂದೆ, ನೆನಪುಂಟಾ?”

“ಪರವಾಗಿಲ್ಲ ಅಂದೆ.”

“ಪರವಾಗಿಲ್ಲವಂತೆ! ಎಷ್ಟು ದೊಡ್ಡ ಮನಸ್ಸು ನೋಡು!” ಪೊಟ್ಟಣವನ್ನು ಅವನ ಕೈಯಿಂದ ಕಸಿದು ಬೆಂಚಿನ ಮೇಲೆ ಕುಕ್ಕಿದಳು. “ನೀರಲ್ಲಿ ಸುಳ್ಳು ಹೇಳುವವನ ಜೊತೆ ನಾನು ಸಂಸಾರ ಮಾಡುದು ಹೇಗೆ? ಭಾನುವಾರ ಬೇಡ ಅಂತ ಅಮ್ಮನಿಗೆ ಹೇಳ್ತೇನೆ.”

“ಪ್ರಾಪ್ತಿ, ಒಂದು ಮಾತು ಕೇಳು.”

“ಬೇಗ ಹೇಳು.”

ಅವನು ಸೀಸದ ತುಂಡೊಂದನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದ. “ದಕ್ಕೆಯಲ್ಲಿ ಒಂದು ಸಲ ಭಾರ ಕಮ್ಮಿ ಕಟ್ಟಿಕೊಂಡು ಇಳಿದೆ. ನೀರು ಮೇಲೆ ನೂಕಿತು. ಮೇಲೆ ಅಂದ್ರೆ ಬಯಲಲ್ಲ, ಬೋಟಿನ ಹೊಟ್ಟೆ. ಬೆನ್ನು ಅದಕ್ಕೆ ಒತ್ತಿ ಹೋಯ್ತು, ಬಿಡಿಸಿಕೊಳ್ಳಲಿಕ್ಕೆ ಆಗಲಿಲ್ಲ. ದೊಡ್ಡಣ್ಣ ಕಾಲು ಹಿಡಿದು ಎಳೆದ, ಬದುಕಿದೆ. ಆಮೇಲೆ ಹಗುರ ಇಳೀಲಿಕ್ಕೆ ಧೈರ್ಯವೇ ಇಲ್ಲ.”

“ದ್ವೀಪದಲ್ಲಿ ತಲೆ ಮೇಲೆ ಬೋಟಿತ್ತಾ?”

“ಇರಲಿಲ್ಲ. ಅದು ತಲೆಗೆ ಗೊತ್ತುಂಟು, ಜೀವಕ್ಕೆ ಗೊತ್ತಾಗುದಿಲ್ಲ. ಹೆದರುತ್ತೇನೆ ಅಂತ ಹೇಳಿದ್ರೆ ನೀನು ನನ್ನನ್ನು ಒಪ್ಪುತ್ತಿದ್ದಿಯಾ?”

ಅವಳಿಗೆ ಪಾಪ ಅನಿಸಿತು. ಪಾಪ ಅನಿಸಿದ್ದಕ್ಕೆ ಸಿಟ್ಟು ಇನ್ನೂ ಏರಿತು.

“ನೀರಿಗಿಳಿ,” ಎಂದಳು.

“ಈಗವಾ?”

“ಈಗಲೇ. ನನ್ನ ಲೆಕ್ಕ ಸರಿಯಾ ತಪ್ಪಾ ಅಂತ ನನಗೆ ನೋಡ್ಬೇಕು.”

ತೇಲಲು ಗಾಳಿ ತುಂಬುವ ಜಾಕೆಟ್ ತೊಡಿಸಿ, ನಿನ್ನೆ ಅವನು ಬುಸುಬುಸು ಉಸಿರಾಡಿ ಹೆಚ್ಚುಕಮ್ಮಿ ಖಾಲಿ ಮಾಡಿದ ಸಿಲಿಂಡರನ್ನೇ ಅವನ ಬೆನ್ನಿಗೇರಿಸಿದಳು. ಗಾಳಿ ಮುಗಿಯುತ್ತ ಬಂದ ಸಿಲಿಂಡರ್ ಹಗುರವಾಗುತ್ತದೆ. ತೇಲುವ ಭಯವಿದ್ದರೆ ಆಗಲೇ. ಕೊಳದ್ದು ಸಿಹಿನೀರು, ಉಪ್ಪುನೀರಿನಷ್ಟು ತೇಲಿಸುವುದಿಲ್ಲ, ಹಾಗಾಗಿ ಸೊಂಟಕ್ಕೆ ಎರಡೇ ಕಿಲೋ. ಬೆಲ್ಟನ್ನು ಬೇಕೆಂದೇ ಜೋರಾಗಿ ಎಳೆದಳು. ಅವಳ ಒದ್ದೆ ಜಡೆ ಅವನ ಕುತ್ತಿಗೆಗೆ ತಾಗಿತು. ಇಬ್ಬರೂ ಅದನ್ನು ಗಮನಿಸದವರಂತೆ ನಟಿಸಿದರು.

ಅವಳೂ ಜಾಕೆಟ್ ತೊಟ್ಟು ಜೊತೆಗೆ ಆಳದ ತುದಿಗೆ ಇಳಿದಳು.

“ಜಾಕೆಟಿನ ಗಾಳಿ ಬಿಡು. ಉಸಿರು ಹಿಡಿ. ಕೈಕಾಲು ಆಡಿಸಬೇಡ.”

ನೀರು ಅವನ ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ಸರಿಯಾದ ಭಾರಕ್ಕೆ ಅದೇ ಗುರುತು. ಮಾಸ್ಕಿನ ಗಾಜಿನಲ್ಲಿ ಅರ್ಧ ನೀರು, ಅರ್ಧ ಬಿಸಿಲು. ಅದರ ಹಿಂದಿನ ಎರಡು ಕಣ್ಣು ಅವಳನ್ನು ಬಿಟ್ಟು ಕದಲಲಿಲ್ಲ. ಇಷ್ಟು ಸಿಟ್ಟಿನಲ್ಲೂ ಆ ನೋಟ ಅವಳಿಗೆ ಹಿಡಿಸಿತು.

“ಈಗ ಉಸಿರು ಬಿಡು.”

ಅವನು ಮೆಲ್ಲಗೆ ಇಳಿದ. ಅರೆಕ್ಷಣದಲ್ಲೇ ಗಾಬರಿಯಿಂದ ಒದ್ದು ಮೇಲೆ ಬಂದು ಕಟ್ಟೆ ಹಿಡಿದ.

“ಲೆಕ್ಕ ಸರಿ ಉಂಟು. ಆದ್ರೆ ಸಮುದ್ರದಲ್ಲಿ ತೇಲಿಬಿಟ್ರೆ?”

ಪ್ರಾಪ್ತಿ ತನ್ನ ಜೇಬಿಗೆ ಕೈ ಹಾಕಿ ಎರಡು ಚಪ್ಪಟೆ ಸೀಸಗಳನ್ನು ತೆಗೆದು ಅವನ ಕಣ್ಣೆದುರು ಹಿಡಿದಳು.

“ಇದು ಯಾರಿಗೆ ಅಂತ ಎಣಿಸಿದ್ದಿ? ಕಲಿಯುವವರು ತೇಲಿದ್ರೆ ಕೊಡಲಿಕ್ಕೆ ಟ್ರೈನರ್ ಯಾವಾಗಲೂ ಇಟ್ಟುಕೊಳ್ತಾಳೆ. ನಿನ್ನೆಯೂ ಇತ್ತು. ನಿನ್ನ ಹಿಂದೆಯೇ ಇದ್ದೆ ಕಮಲೇಶ, ಕೈ ಚಾಚಿದ್ರೆ ಸಾಕಿತ್ತು!” ಅವಳ ಧ್ವನಿ ಒಡೆಯಿತು. “ಹೆದರಿದ್ದಕ್ಕಲ್ಲ ನನಗೆ ಸಿಟ್ಟು. ನಾನು ಇದ್ದೇನೆ ಅಂತ ನಿನಗೆ ಒಮ್ಮೆಯೂ ಅನಿಸಲಿಲ್ಲವಲ್ಲ, ಅದಕ್ಕೆ!”

ಅವನು ಮೇಲೆ ಹತ್ತಿ, ಕೈ ಒರೆಸಿಕೊಂಡು, ತನ್ನ ಫೋನ್ ತೆಗೆದು ಸ್ಪೀಕರ್ ಒತ್ತಿದ.

“ಕ್ಯಾಲ್ವಿನ್ ಸರ್, ನಿನ್ನೆ ಪ್ರಾಪ್ತಿಯ ಲೆಕ್ಕ ತಪ್ಪಿದ್ದಲ್ಲ. ನಾನು ಜೇಬಲ್ಲಿ ಸೀಸ ಅಡಗಿಸಿ ಇಟ್ಟುಕೊಂಡಿದ್ದೆ. ಹೆದರಿಕೆಗೆ.”

ಕ್ಯಾಲ್ವಿನ್ನನ ಬೈಗುಳ ಕೊಳದ ಆಚೆ ದಡಕ್ಕೂ ಕೇಳಿಸಿತು. ಈ ಸೀಸನ್ನಿನಲ್ಲಿ ಸರ್ಟಿಫಿಕೇಟಿನ ಆಸೆ ಬಿಡು, ಬ್ಯಾಚ್ ಪ್ರಾಪ್ತಿಗೇ ಎಂದು ಹೇಳಿ ಫೋನ್ ಇಟ್ಟ. ಕಮಲೇಶ ತಲೆಯಾಡಿಸಿದ. ಬಲೆಯ ಸೀಸವನ್ನೆಲ್ಲ ಹೆಕ್ಕಿ ಅವಳ ಬ್ಯಾಗಿನ ಪಕ್ಕ ಇಟ್ಟ.

“ಇನ್ನು ಹೆದರಿಕೆಯಾದ್ರೆ ಮೊದಲು ನಿನಗೆ ಹೇಳ್ತೇನೆ. ಈಗಲೂ ಉಂಟು.”

“ಯಾವುದರದ್ದು?”

“ಭಾನುವಾರದ್ದು.”

ಪ್ರಾಪ್ತಿ ಬೆಂಚಿನಲ್ಲಿ ಕುಳಿತು, ತಣ್ಣಗಾದ ಗೋಳಿಬಜೆಯನ್ನು ಅವನ ಮೇಲಿನ ಕೋಪಕ್ಕೆ ಎಂಬಂತೆ ಜಗಿದಳು. ಅವನ ಮುಖ ನೋಡದೆಯೇ ಇನ್ನೊಂದನ್ನು ಅವನತ್ತ ಚಾಚಿದಳು.

“ನನ್ನ ಸಿಟ್ಟು ಇಳಿದಿಲ್ಲ.”

“ಗೊತ್ತುಂಟು.”

“ಭಾನುವಾರಕ್ಕೂ ಇಳೀಲಿಕ್ಕಿಲ್ಲ.”

“ಬರ್ತಿಯಲ್ಲ?”

“ಬರ್ತೇನೆ,” ಎಂದಳು. “ಸಿಟ್ಟಲ್ಲೇ ಬರ್ತೇನೆ.”